ಬಾಯಿ ಸೊಟ್ಟಗಾದಾಗ ಮೊದಲು ಹಣೆ ನೋಡಿ

ಬಾಯಿ ಸೊಟ್ಟಗಾಗಿದೆ ಎಂದು ರೋಗಿ ಬಂದರೆ ಎಲ್ಲರ ನೋಟ ಮೊದಲು ಬಾಯಿಗೇ ಹೋಗುತ್ತದೆ. ಎಡವುವುದೂ ಅಲ್ಲೇ. ಬಾಯಿ ವಾಲುವುದು ಸರಿಯಾಗಿರುವ ಪಕ್ಕಕ್ಕೆ; ಅದನ್ನೇ ಕೆಟ್ಟ ಪಕ್ಕವೆಂದು ಬರೆದುಕೊಳ್ಳುವವರು ಕಡಿಮೆಯಿಲ್ಲ. ಮುಟ್ಟುವ ಮೊದಲು ಮಾತಾಡಿಸುತ್ತಾ ಗಮನಿಸಿ: ಮೂಗಿನಿಂದ ತುಟಿಯಂಚಿಗೆ ಇಳಿಯುವ ಮಡಿಕೆ ಯಾವ ಕಡೆ ಸಪಾಟಾಗಿದೆ, ಯಾವ ಕಣ್ಣು ತಡವಾಗಿ ಮಿಟುಕುತ್ತಿದೆ? ಸೋತಿರುವುದು ಆ ಕಡೆ.

ಆಮೇಲೆ ಹಣೆ. ತಲೆ ಎತ್ತದೆ ಕಣ್ಣಷ್ಟೇ ಎತ್ತಿ ಚಾವಣಿ ನೋಡಲು ಹೇಳಿ. ಹಣೆಯ ಸ್ನಾಯುವಿಗೆ ಮಿದುಳಿನ ಎರಡೂ ಅರ್ಧಗಳಿಂದ ಆಜ್ಞೆ ಬರುತ್ತದೆ, ಕೆಳಮುಖಕ್ಕೆ ಬಹುಪಾಲು ಎದುರು ಅರ್ಧದಿಂದ. ಹಾಗಾಗಿ ಬಾಯಿ ಸೋತು ಹಣೆ ಮಾತ್ರ ಸುಕ್ಕುಗಟ್ಟಿದರೆ ತೊಂದರೆ ಮಿದುಳಿನಲ್ಲಿದೆ. ತಕ್ಷಣ ಸ್ಟ್ರೋಕ್ ಎಂದೇ ಭಾವಿಸಿ ನಡೆಯಬೇಕು. ಹಣೆ, ಕಣ್ಣು, ಬಾಯಿ ಮೂರೂ ಸೋತಿದ್ದರೆ ಮುಖದ ಸ್ನಾಯುಗಳನ್ನು ಆಡಿಸುವ ಏಳನೇ ಕಪಾಲ ನರವೇ ಕೆಟ್ಟಿದೆ. ಈ ಸೂತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಮಿದುಳು ಕಾಂಡದ ಪಾನ್ಸ್ ಭಾಗದಲ್ಲಿ ಆಗುವ ಸ್ಟ್ರೋಕ್ ನರದ ಬುಡಕ್ಕೇ ಪೆಟ್ಟು ಕೊಟ್ಟರೆ ಹಣೆಯೂ ಸೋಲುತ್ತದೆ. ಅದೇ ಪಕ್ಕದ ಕಣ್ಣು ಹೊರಕ್ಕೆ ಹೊರಳದಿದ್ದರೆ, ಎದುರು ಪಕ್ಕದ ಕೈಕಾಲಿನ ಶಕ್ತಿ ಕುಂದಿದ್ದರೆ ಅದನ್ನು ಬೆಲ್ಸ್ ಪಾಲ್ಸಿ (ಸ್ಪಷ್ಟ ಕಾರಣವಿಲ್ಲದೆ ಏಳನೇ ನರ ಸೋಲುವ ಕಾಯಿಲೆ) ಎನ್ನಬೇಡಿ. ಬೊಟಾಕ್ಸ್ ಹಾಕಿಸಿಕೊಂಡ ಹಣೆಯೂ ಸುಕ್ಕಾಗುವುದಿಲ್ಲ; ಕೇಳಿಬಿಡುವುದು ಒಳ್ಳೆಯದು.

ಕಣ್ಣನ್ನು ಬಿಗಿಯಾಗಿ ಮುಚ್ಚಿಸಿ, ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಲು ನೋಡಿ. ದೌರ್ಬಲ್ಯ ಅತಿ ಸಣ್ಣದಾಗಿದ್ದರೆ ರೆಪ್ಪೆಗೂದಲೇ ಹೇಳುತ್ತದೆ: ಸರಿಯಿರುವ ಕಡೆ ಕೂದಲು ಮಡಿಕೆಯೊಳಗೆ ಹೂತುಹೋಗುತ್ತದೆ, ಸೋತ ಕಡೆ ಉದ್ದವಾಗಿ ಹೊರಗೆ ಕಾಣುತ್ತದೆ. ಕೆನ್ನೆ ಉಬ್ಬಿಸಿ ಬೆರಳಿನಿಂದ ತಟ್ಟಿದರೆ ಸೋತ ತುಟಿಯಂಚಿನಲ್ಲಿ ಗಾಳಿ ಸೋರುತ್ತದೆ. ನಾಲಿಗೆ ಚಾಚಿದಾಗ ಅದೂ ಓರೆಯಾದಂತೆ ಕಂಡರೆ, ಇಳಿದ ತುಟಿಯಂಚನ್ನು ಬೆರಳಿನಿಂದ ಎತ್ತಿ ಹಿಡಿದು ಮತ್ತೆ ನೋಡಿ. ಹಲವು ಸಲ ನಾಲಿಗೆ ನೆಟ್ಟಗೇ ಇರುತ್ತದೆ, ಸೊಟ್ಟಗಿರುವುದು ಅದರ ಚೌಕಟ್ಟು. ರುಚಿ ಪರೀಕ್ಷೆಗೆ ನಾಲಿಗೆಯ ಮುಂದಿನ ಮೂರನೇ ಎರಡು ಭಾಗ ಸಾಕು. ಕಿವಿಯೊಳಗೆ ಟಾರ್ಚ್ ಹಾಕುವುದನ್ನು ಮಾತ್ರ ಬಿಡಬೇಡಿ: ಗುಳ್ಳೆಗಳಿದ್ದರೆ ಅದು ರಾಮ್ಸೇ ಹಂಟ್, ಸರ್ಪಸುತ್ತಿನ ವೈರಸ್ಸಿನ ಕೆಲಸ.

ಮುಖದ ಸ್ಪರ್ಶ ಐದನೇ ನರದ್ದು. ಹಣೆ, ಕೆನ್ನೆ, ಗಲ್ಲ ಮೂರರಲ್ಲೂ ಹತ್ತಿಯಿಂದಲೂ ಪಿನ್ನಿನಿಂದಲೂ ಎರಡು ಪಕ್ಕ ಹೋಲಿಸಿ. ದವಡೆಯ ಮೂಲೆ ಈ ನರಕ್ಕೆ ಸೇರಿದ್ದಲ್ಲ, ಕುತ್ತಿಗೆಯ ನರಗಳದ್ದು. ಜೋಮು ಸರಿಯಾಗಿ ದವಡೆಯಂಚಿಗೆ, ಮುಖದ ನಟ್ಟನಡುವಿಗೆ ನಿಂತರೆ ಅದು ನಿಜಕ್ಕೂ ನರದ ಜೋಮೇ ಎಂದು ಅನುಮಾನಪಡಬೇಕಾದದ್ದೇ. ಬಾಯಿ ತೆರೆದಾಗ ದವಡೆ ವಾಲುವುದು ಸೋತ ಪಕ್ಕಕ್ಕೆ, ಅಂದರೆ ತುಟಿಗೆ ತದ್ವಿರುದ್ಧ.

ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಪರೀಕ್ಷೆಗೆ ಕಾಂಟ್ಯಾಕ್ಟ್ ಲೆನ್ಸ್ ತೆಗೆಸಿ, ಹತ್ತಿಯ ಎಳೆಯನ್ನು ಪಕ್ಕದಿಂದ ತನ್ನಿ. ಎದುರಿನಿಂದ ತಂದರೆ ಹೆದರಿಯೇ ಮಿಟುಕಿಸುತ್ತಾರೆ. ಬಿಳಿಭಾಗ ಮುಟ್ಟಿದರೆ ಪ್ರಯೋಜನವಿಲ್ಲ. ಮುಟ್ಟಿದ್ದು ಗೊತ್ತಾಗಿ, ಆ ಕಣ್ಣು ಮುಚ್ಚದೆ ಇನ್ನೊಂದು ಮುಚ್ಚಿದರೆ ಐದನೇ ನರ ಚೆನ್ನಾಗಿದೆ, ಏಳನೆಯದು ಸೋತಿದೆ. ಎರಡೂ ಮುಚ್ಚದಿದ್ದರೆ ಐದನೆಯದು.

ಟ್ರೈಜೆಮಿನಲ್ ನ್ಯೂರಾಲ್ಜಿಯಾದಲ್ಲಿ, ಅಂದರೆ ಈ ಐದನೇ ನರದ ನೋವಿನ ಕಾಯಿಲೆಯಲ್ಲಿ, ಹಲ್ಲುಜ್ಜಿದರೂ ಮುಖಕ್ಕೆ ಗಾಳಿ ಬಡಿದರೂ ಕ್ಷಣಾರ್ಧದಲ್ಲಿ ಶಾಕ್ ಹೊಡೆದಂಥ ನೋವು. ಪರೀಕ್ಷೆ ಸಾಮಾನ್ಯವಾಗಿ ಸಹಜವಾಗಿರುತ್ತದೆ. ಸ್ಪರ್ಶ ಕುಂದಿದ್ದರೆ ಬೇರೆ ಕಾರಣ ಹುಡುಕಲು ಎಂಆರ್‌ಐ ಬೇಕೇ ಬೇಕು. ಸುಮ್ಮನೆ ಹಲ್ಲು ಕೀಳಿಸಿಕೊಂಡು ಬರುವವರು ಈ ಗುಂಪಿನಲ್ಲೇ ಹೆಚ್ಚು.

ಬೆಲ್ಸ್ ಪಾಲ್ಸಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಶುರುವಾಗಬೇಕಾದದ್ದು 72 ಗಂಟೆಯೊಳಗೆ. ದೊಡ್ಡವರಿಗೆ ವಾಡಿಕೆಯ ಪ್ರಮಾಣ ದಿನಕ್ಕೆ ಎರಡು ಸಲ 25 ಮಿಲಿಗ್ರಾಂ, 10 ದಿನ. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ಕೇಳಿಕೊಳ್ಳಿ. ಮಾತ್ರೆಯಷ್ಟೇ ಮುಖ್ಯವಾದದ್ದು ಕಣ್ಣು: ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಟೇಪ್. ಒಣಗಿದ ಕಾರ್ನಿಯಾಕ್ಕೆ ಹುಣ್ಣಾದರೆ ಮುಖ ಸರಿಯಾದರೂ ದೃಷ್ಟಿ ಮರಳದಿರಬಹುದು. ಸೋಲು ವಾರಗಟ್ಟಲೆ ನಿಧಾನವಾಗಿ ಏರುತ್ತಿದ್ದರೆ, ಅಥವಾ ಮೂರು ತಿಂಗಳಾದರೂ ಒಂಚೂರೂ ಚಲನೆ ಬಾರದಿದ್ದರೆ, ಬೆಲ್ಸ್ ಎಂಬ ಹೆಸರು ಬಿಟ್ಟು ಕಿವಿಯ ಮುಂದಿನ ಪರೋಟಿಡ್ ಗ್ರಂಥಿಯಿಂದ ಮಿದುಳಿನವರೆಗೆ ಗಡ್ಡೆಯನ್ನು ಹುಡುಕಬೇಕು.