ಕಡಲಾಮೆ ಮರಿ ನೋಡಲು ಹೊನ್ನಾವರಕ್ಕೆ ಹೋಗುವವರಿಗೆ

ಕಡಲಾಮೆ ಮರಿಗಳು ಸಮುದ್ರ ಸೇರುವುದನ್ನು ನೋಡಲು ಒಡಿಶಾದವರೆಗೆ ಹೋಗಲೇಬೇಕು ಅಂತೇನಿಲ್ಲ. ಹೊನ್ನಾವರದ ಪಕ್ಕದ ಕಾಸರಕೋಡ ಟೊಂಕದ ಕಡಲತೀರಕ್ಕೂ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಒಡಿಶಾದ ಹಾಗೆ ಲಕ್ಷಗಟ್ಟಲೆ ಅಲ್ಲ, ರಾತ್ರಿ ಹೊತ್ತು ಒಂದೊಂದಾಗಿ. ಮೊಟ್ಟೆ ಒಡೆಯಲು ಸುಮಾರು 45ರಿಂದ 60 ದಿನ ಬೇಕು, ಹಾಗಾಗಿ ಮರಿ ನೋಡುವ ಆಸೆ ಇದ್ದರೆ ಮಾರ್ಚ್ ಒಳ್ಳೆಯ ತಿಂಗಳು. ನಾವು ಹೋಗಿದ್ದೂ ಆಗಲೇ.

ಬೆಂಗಳೂರಿನಿಂದ ಪಂಚಗಂಗಾ ರೈಲು ಹಿಡಿದರೆ ಬೆಳಿಗ್ಗೆ ಹೊನ್ನಾವರ. ಅಲ್ಲಿಂದ ಆಟೋದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡ. ಹೊರಡುವ ಮೊದಲೇ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಕೇಳಿ. ಗೂಡಿಗೆ ಬೇಲಿ ಕಟ್ಟಿ ಕಾಯುವವರು ಅವರು. ಊರಿನ ಮೀನುಗಾರರ ಜೊತೆಗೂ ಮಾತಾಡಿ, ಆಮೆ ಹತ್ತಿ ಬಂದ ಗುರುತು ಅವರ ಕಣ್ಣಿಗೆ ಬೇಗ ಬೀಳುತ್ತದೆ.

ನಾವು ಪಕ್ಕದಲ್ಲಿ ನಿಂತಿದ್ದ ಗೂಡಿನಲ್ಲಿ ಮೊದಲು ಮರಳು ಒಂದು ಕಡೆ ಸ್ವಲ್ಪ ಕುಸಿಯಿತು. ಆಮೇಲೆ ಬೂದು ಬಣ್ಣದ ಒಂದು ಮೂತಿ, ಅದರ ಹಿಂದೆ ಇನ್ನೊಂದು, ನೋಡನೋಡುತ್ತಿದ್ದಂತೆ ಒಂದರ ಮೇಲೊಂದು ಹತ್ತಿಕೊಂಡು ಎಲ್ಲವೂ ಹೊರಗೆ! ಹೆಬ್ಬೆರಳಿನಷ್ಟು ಉದ್ದದ ಮರಿಗಳು. ಕಾಲು ದೋಣಿಯ ಹುಟ್ಟಿನ ಹಾಗಿದೆ, ನೀರಿಗೆಂದೇ ಆಗಿದ್ದು, ಮರಳಿನಲ್ಲಿ ಅದನ್ನು ಇಟ್ಟುಕೊಂಡು ತೆವಳುವುದು ಸುಲಭವಲ್ಲ. ಒಂದು ಮರಿ ಯಾರದೋ ಹೆಜ್ಜೆಗುಂಡಿಗೆ ಬಿದ್ದು ಮೇಲೆ ಬರಲು ಎಷ್ಟು ಒದ್ದಾಡಿತು ಅಂದರೆ ಕೈ ಹಾಕದೆ ನಿಲ್ಲುವುದೇ ಕಷ್ಟವಾಯಿತು. ದಯವಿಟ್ಟು ಎತ್ತಬೇಡಿ. ಅದೇ ಮರಿ ನೀರು ತಾಗಿದ ಕ್ಷಣ ಬೇರೆಯೇ ಪ್ರಾಣಿ! ಅಲೆಗೆ ಎದುರಾಗಿ ಸರಸರ ಈಜುತ್ತದೆ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಮೊದಲ ದಿನಗಳ ಊಟ. ಗಂಡು ಮರಿಗಳು ಸಾಮಾನ್ಯವಾಗಿ ಮತ್ತೆ ನೆಲಕ್ಕೆ ಬರುವುದೇ ಇಲ್ಲ, ಹೆಣ್ಣುಗಳು ಮಾತ್ರ ದೊಡ್ಡವಾದ ಮೇಲೆ ಮೊಟ್ಟೆ ಇಡಲು ಹುಟ್ಟಿದ ಕಡೆಗೇ ಬರುತ್ತವೆ.

ಹೋಗುವವರಿಗೆ ನನ್ನ ಮುಖ್ಯ ಮಾತು ಒಂದೇ, ಟಾರ್ಚ್ ಆರಿಸಿ. ಕತ್ತಲಲ್ಲಿ ಮರಿಗಳು ಬೆಳಕು ಜಾಸ್ತಿ ಇರುವ ಕಡೆಗೆ ಹೋಗುತ್ತವೆ. ದೀಪವಿಲ್ಲದ ತೀರದಲ್ಲಿ ಆ ಬೆಳಕು ಸಮುದ್ರದ ಮೇಲಿನದು. ನಿಮ್ಮ ಮೊಬೈಲ್ ಹೊತ್ತಿದರೆ ಅವು ನಿಮ್ಮ ಕಡೆಗೆ, ಇಲ್ಲಾ ರಸ್ತೆ ಕಡೆಗೆ ತಿರುಗುತ್ತವೆ. ಫ್ಲ್ಯಾಶ್ ಬೇಡವೇ ಬೇಡ. ಸಂಜೆ ಮಕ್ಕಳು ಮರಳಿನಲ್ಲಿ ತೋಡಿದ ಗುಂಡಿಗಳನ್ನು ಮುಚ್ಚಿ ಬನ್ನಿ. ತೀರದ ಮೇಲೆ ಗಾಡಿ ಓಡಿಸಬೇಡಿ, ಗೂಡು ಇರುವುದು ಸುಮಾರು ಒಂದೂವರೆ ಅಡಿ ಕೆಳಗಷ್ಟೇ. ಆ ಮರಳಿನ ಬಿಸಿಯೇ ಮರಿ ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನಿಸುತ್ತದೆ ಗೊತ್ತಾ, ಬಿಸಿ ಜಾಸ್ತಿಯಾದರೆ ಹೆಣ್ಣೇ ಹೆಚ್ಚು.

ದೊಡ್ಡ ಆಮೆಯೇ ಎದುರಾದರೆ ಇದ್ದಲ್ಲೇ ಕೂತುಬಿಡಿ. ಕಣ್ಣಲ್ಲಿ ನೀರು ಸುರಿಯುವುದು ನೋಡಿ ಅಳುತ್ತಿದೆ ಅಂತ ಗಾಬರಿಯಾಗಬೇಡಿ, ಮೈಯಲ್ಲಿ ಸೇರಿದ ಉಪ್ಪನ್ನು ಅದು ಹೊರಹಾಕುವುದೇ ಹಾಗೆ. ನೆಲದ ಆಮೆಯ ಹಾಗೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲೂ ಇದಕ್ಕೆ ಆಗುವುದಿಲ್ಲ.

ಒಂದೇ ರಾತ್ರಿಯ ಪ್ಲ್ಯಾನ್ ಹಾಕಬೇಡಿ. ಗೂಡು ಇಂಥ ದಿನವೇ ಒಡೆಯುತ್ತದೆ ಅಂತ ಯಾರೂ ಹೇಳಲಾರರು. ಎರಡು ಮೂರು ದಿನ ಇದ್ದರೆ ಹಗಲಿಗೆ ಶರಾವತಿಯ ಕಾಂಡ್ಲಾವನ (ಮ್ಯಾಂಗ್ರೋವ್ ಕಾಡು) ಇದೆ, ಮುರುಡೇಶ್ವರವೂ ದೂರವಿಲ್ಲ.