ನೀವು ಧರ್ಮದ ಪರವೋ, ವಿರೋಧವೋ?

ಈ ಪ್ರಶ್ನೆಯನ್ನು ನನಗೆ ಭಕ್ತರೂ ಕೇಳುತ್ತಾರೆ, ನಾಸ್ತಿಕರೂ ಕೇಳುತ್ತಾರೆ. ಇಬ್ಬರಿಗೂ ಒಂದೇ ಪದದ ಉತ್ತರ ಬೇಕು. ನನ್ನ ಹತ್ತಿರ ಅದಿಲ್ಲ. ಒಂದು ಆಚರಣೆಯಿಂದ ಯಾರಿಗಾದರೂ ನೋವಾಗುತ್ತದೆಯೇ, ಆ ನೋವು ಯಾರ ಪಾಲಿಗೆ ಬೀಳುತ್ತದೆ ಅಂತ ಮಾತ್ರ ನಾನು ನೋಡುತ್ತೇನೆ. ಅದು ಎಷ್ಟು ಹಳೆಯದು, ಎಲ್ಲಿ ಬರೆದಿದೆ ಅನ್ನೋದೆಲ್ಲ ಆಮೇಲಿನ ಮಾತು.

ಕೇಳೋಕೆ ಸುಲಭ, ಅಲ್ವಾ? ಆದರೆ ನೋವು ಕೊಡುವವರು ಕೆಟ್ಟವರ ಹಾಗೆ ಕಾಣುವುದೇ ಇಲ್ಲ. ಕಷ್ಟ ಇರುವುದು ಅಲ್ಲೇ.

ಚೀನಾದಲ್ಲಿ ನೂರಾರು ವರ್ಷ ಹೆಣ್ಣುಮಕ್ಕಳ ಪಾದ ಕಟ್ಟುತ್ತಿದ್ದರು. ಐದಾರು ವರ್ಷದ ಮಗುವಿನ ಕಾಲ್ಬೆರಳನ್ನು ಅಂಗಾಲಿನ ಕಡೆಗೆ ಮಡಚಿ ಬಟ್ಟೆಯಿಂದ ಬಿಗಿಯುತ್ತಿದ್ದರು. ಮೂಳೆ ಮುರಿಯುತ್ತಿತ್ತು. ಕಟ್ಟುತ್ತಿದ್ದವರು ಹೆಚ್ಚಾಗಿ ತಾಯಿ, ಅಜ್ಜಿ. ತಾವೂ ಅದೇ ನೋವು ಉಂಡವರು. ಮಗಳ ಪಾದ ದೊಡ್ಡದಾದರೆ ಒಳ್ಳೆಯ ಸಂಬಂಧ ಸಿಗಲಿಕ್ಕಿಲ್ಲ ಅನ್ನುವ ಭಯ ಅವರಿಗೆ. ಅಂದರೆ ಪ್ರೀತಿಯಿಂದಲೇ ಮುರಿಯುತ್ತಿದ್ದರು.

17ನೇ ಶತಮಾನದಲ್ಲಿ ಚೀನಾವನ್ನು ಆಳುತ್ತಿದ್ದ ಮಂಚು ದೊರೆಗಳು ಇದನ್ನು ನಿಷೇಧಿಸಲು ಹೋಗಿ ಸೋತರು. 19ನೇ ಶತಮಾನದ ಕೊನೆಗೆ ಪಾದ ಕಟ್ಟುವುದರ ವಿರುದ್ಧ ಹುಟ್ಟಿಕೊಂಡ ಸಂಘಗಳು ಬೇರೆ ದಾರಿ ಹಿಡಿದವು. ಸದಸ್ಯರಾದ ಮನೆಯವರು ಎರಡು ಮಾತು ಕೊಡಬೇಕಿತ್ತು: ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹುಡುಗಿಯನ್ನು ಮಗನಿಗೆ ತರುವುದಿಲ್ಲ. ಎರಡನೆಯದೇ ಕೆಲಸ ಮಾಡಿದ್ದು ಅಂತ ನನ್ನ ಅನಿಸಿಕೆ. ಭಯಕ್ಕೆ ಕಾರಣವೇ ಹೋಯಿತಲ್ಲ.

ಆಫ್ರಿಕಾದ ಸೆನೆಗಲ್‌ನಲ್ಲೂ ಹೀಗೇ ಆಯಿತು. ಹುಡುಗಿಯರ ಜನನಾಂಗ ಕತ್ತರಿಸುವ ಪದ್ಧತಿಯನ್ನು ಬಿಡುತ್ತೇವೆ ಎಂದು ಮಲಿಕೂಂಡ ಬಂಬಾರ ಹಳ್ಳಿಯ ಹೆಂಗಸರು 1997ರಲ್ಲಿ ಎಲ್ಲರೆದುರು ಹೇಳಿದರು. ಒಂದೇ ಹಳ್ಳಿ ಬಿಟ್ಟರೆ ಅಲ್ಲಿನ ಹುಡುಗಿಯರಿಗೆ ಗಂಡು ಸಿಗಬೇಡವೇ? ಇನ್ನೊಂದು ಹಳ್ಳಿಯ ಇಮಾಮ್ ಡೆಂಬಾ ಜವಾರಾ ಇದನ್ನು ಹಿಡಿದುಕೊಂಡು, ಮದುವೆ ಸಂಬಂಧವಿದ್ದ ಊರುಗಳಿಗೆ ನಡೆದೇ ಹೋಗಿ ಜನರ ಜೊತೆ ಮಾತಾಡಿದರು. ಆ ಪದ್ಧತಿಯನ್ನು ಧರ್ಮದ ಹೆಸರಲ್ಲಿ ಸಮರ್ಥಿಸುವವರು ಎಷ್ಟೋ ಜನ. ಅದನ್ನು ನಿಲ್ಲಿಸಲು ನಡೆದವರೂ ಧರ್ಮಗುರುವೇ.

ಆದ್ದರಿಂದಲೇ ಒಂದಿಡೀ ಧರ್ಮವನ್ನು ತಕ್ಕಡಿಗೆ ಹಾಕಲು ನಾನು ಹೋಗುವುದಿಲ್ಲ. ಅಮೆರಿಕದಲ್ಲಿ ಗುಲಾಮರ ಒಡೆಯರು ಬೈಬಲ್ ತೋರಿಸಿ ಗುಲಾಮಗಿರಿ ಸರಿ ಎಂದರು. ಅಲ್ಲಿನದೇ ಜರ್ಮನ್‌ಟೌನ್ ಎಂಬ ಊರಿನ ಕ್ವೇಕರ್ ಎಂಬ ಕ್ರೈಸ್ತ ಪಂಥದವರು 1688ರಲ್ಲಿ ಅದು ತಪ್ಪು ಎಂದು ಬರೆದುಕೊಟ್ಟರು. ಅವರಿಗೂ ಅದೇ ಬೈಬಲ್. ಪುಸ್ತಕಕ್ಕೆ ಅಂಕ ಕೊಡುವುದು ಸುಮ್ನೆ ಜಗಳ. ಒಂದೊಂದು ಆಚರಣೆಯನ್ನು ಬಿಡಿಯಾಗಿ ನೋಡಬಹುದು.

ಇದಕ್ಕೆ ಬರುವ ಜಾಣ ಆಕ್ಷೇಪ ಒಂದಿದೆ. "ನೋವು ಪಡುವವರೇ ನಮಗೆ ಇದು ಇಷ್ಟ ಎನ್ನುತ್ತಾರಲ್ಲ, ನಿಮ್ಮದೇನು?" ನಿಜ. ದೊಡ್ಡವರೊಬ್ಬರು ತಾವಾಗಿ ಉಪವಾಸ ಮಾಡಿದರೆ ನನ್ನದೇನೂ ಇಲ್ಲ. ನಾನು ಕೇಳುವುದು, ನಾಳೆ ಅವರು ಬೇಡ ಅಂದರೆ ಏನಾಗುತ್ತದೆ? ಮನೆಯವರು ಮುಖ ಸಿಂಡರಿಸಿದರೆ ಸಹಿಸಬಹುದು. ಹೊಡೆತ, ಬಹಿಷ್ಕಾರ, ಕೊಲೆ ಆದರೆ ಆ 'ಇಷ್ಟ'ಕ್ಕೆ ಬೆಲೆಯಿಲ್ಲ. ಇನ್ನು ಐದು ವರ್ಷದ ಮಗುವನ್ನು ಯಾರೂ ಕೇಳಿರುವುದೇ ಇಲ್ಲ.

ಸುಧಾರಣೆ ಮಾಡುವವರಿಗೂ ಇದೇ ಅಳತೆ ಹಿಡಿಯುತ್ತೇನೆ. ನಾಸ್ತಿಕ ಗೆಳೆಯರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. 1912ರಲ್ಲಿ ಚೀನಾದ ಹೊಸ ಗಣರಾಜ್ಯ ಪಾದ ಕಟ್ಟುವುದನ್ನು ನಿಷೇಧಿಸಿತು. ಒಳ್ಳೆಯದೇ. ಆದರೆ ವರ್ಷಗಟ್ಟಲೆ ಕಟ್ಟಿದ ಪಾದ ಪಟ್ಟಿ ಬಿಚ್ಚಿದ ತಕ್ಷಣ ನೆಟ್ಟಗಾಗುವುದಿಲ್ಲ, ಬಿಚ್ಚಿದರೂ ನೋವು. ವಯಸ್ಸಾದ ಎಷ್ಟೋ ಹೆಂಗಸರು ಬಿಚ್ಚಲು ಒಪ್ಪಲಿಲ್ಲ. ಕೆಲವು ಕಡೆ ಅಧಿಕಾರಿಗಳು ಅವರ ಪಾದ ತಪಾಸಣೆ ಮಾಡಿ ದಂಡ ಹಾಕಿದರು. ಚಿಕ್ಕಂದಿನಲ್ಲಿ ಮೂಳೆ ಮುರಿಸಿಕೊಂಡವರೂ ಅವರೇ, ಮುದುಕಿಯರಾದ ಮೇಲೆ ದಂಡಕ್ಕೆ ಗುರಿಯಾದವರೂ ಅವರೇ.