ಏಳನೇ ತಾರೀಖಿನವರೆಗೆ ಹೌಸ್‌ಫುಲ್

ಕೊರೊನಾ ತಡೆಗೆ ರಾಜ್ಯ ಸರ್ಕಾರ ಹೊರಡಿಸಿದ 2021ರ ಏಪ್ರಿಲ್ 2ರ ಆದೇಶ ನೆನಪಿದೆಯಾ? ಬೆಂಗಳೂರು, ಮೈಸೂರು ಸೇರಿ ಕೆಲವು ಜಿಲ್ಲೆಗಳಲ್ಲಿ ಥಿಯೇಟರ್‌ಗೆ ಅರ್ಧ ಸೀಟು ಮಾತ್ರ, ಜಿಮ್ ಬಂದ್. ಹಿಂದಿನ ದಿನವಷ್ಟೇ ದೊಡ್ಡ ಸ್ಟಾರ್ ಸಿನಿಮಾ ತೆರೆಕಂಡಿತ್ತು. ಚಿತ್ರರಂಗ ಗಲಾಟೆ ಮಾಡಿತು. ಮರುದಿನವೇ ಮುಖ್ಯಮಂತ್ರಿ ಯಡಿಯೂರಪ್ಪ 7ನೇ ತಾರೀಖಿನವರೆಗೆ ಪೂರ್ತಿ ಸೀಟಿಗೆ ಒಪ್ಪಿಬಿಟ್ಟರು.

ಆಗ ನಾನು ಮೈಸೂರಿನ ಹಳೇ ಥಿಯೇಟರೊಂದರಲ್ಲಿ ಕ್ಯಾಂಟೀನ್ ನಡೆಸುತ್ತಿದ್ದೆ. ಆದೇಶ ಬಂದ ಸಂಜೆ ಹುಡುಗರು ಒಂದು ಬಿಟ್ಟು ಒಂದು ಸೀಟಿಗೆ ಟೇಪ್ ಸುತ್ತಿದರು. ಆಮೇಲೆ ಅದನ್ನೇ ಬ್ಲೇಡಿನಲ್ಲಿ ಕೆರೆದು ಕಿತ್ತರು. ಇಂಟರ್‌ವಲ್‌ನಲ್ಲಿ ಜನ ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು ಪಫ್ಸ್‌ಗೆ ಮುಗಿಬಿದ್ದರು. ವ್ಯಾಪಾರ ಭರ್ಜರಿಯಾಗೇ ಆಯಿತು, ಸುಳ್ಳು ಹೇಳಲ್ಲ.

ತಜ್ಞರೇನು ನಿದ್ದೆ ಮಾಡುತ್ತಿರಲಿಲ್ಲ. ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ, ಸರ್ಕಾರಕ್ಕೆ ಕೊರೊನಾ ಬಗ್ಗೆ ಸಲಹೆ ಕೊಡುವ ತಾಂತ್ರಿಕ ಸಲಹಾ ಸಮಿತಿ 2020ರ ಕೊನೆಯಲ್ಲೇ ಎರಡನೇ ಅಲೆಯ ಬಗ್ಗೆ ಎಚ್ಚರಿಸಿತ್ತು. ಆ ಡಿಸೆಂಬರಿನಲ್ಲಿ ರಾತ್ರಿ ಕರ್ಫ್ಯೂ ಘೋಷಿಸಿ, ಜಾರಿಯಾಗುವ ಮೊದಲೇ ವಾಪಸ್ ತಗೊಂಡಿದ್ದೂ ಇದೇ ಸರ್ಕಾರ.

ಸಿನಿಮಾದವರನ್ನು ಬೈಯೋದು ಸುಲಭ. ವರ್ಷವಿಡೀ ಕೆಲಸವಿಲ್ಲದೆ ಕೂತವರು ವಿನಾಯಿತಿ ಕೇಳದೆ ಇರುತ್ತಾರಾ? ಸಮಿತಿ ಹೇಳಿದ್ದೇನು, ಅದನ್ನು ಯಾಕೆ ಬಿಟ್ಟೆವು ಅಂತ ಸರ್ಕಾರ ಅವತ್ತೇ ಜನರ ಮುಂದಿಡಬೇಕಿತ್ತು. ಬಾಗಿಲು ಹಾಕಿಸುವುದಾದರೆ ಬಾಡಿಗೆಗಾದರೂ ಒಂದಿಷ್ಟು ದುಡ್ಡು ಕೊಡಬೇಕಿತ್ತು. ಎರಡೂ ಆಗಲಿಲ್ಲ.

ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೇ ಬಂದ್. ಥಿಯೇಟರ್‌ಗಳಿಗೆ ಪೂರ್ತಿ ಸೀಟಿನ ಅನುಮತಿ ಮತ್ತೆ ಸಿಕ್ಕಿದ್ದು ಅಕ್ಟೋಬರ್ 1ಕ್ಕೆ. ಅಷ್ಟರಲ್ಲಿ ನಾನು ಫ್ರೀಜರ್ ಮಾರಿ, ಭಾವನ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ್ದೆ.